ಸೂಜಿ ಇಲ್ಲದ ಎಪಿಪೆನ್: ಅತ್ತೆ ಕಲಿತ ಮೇಲೆ ನಂಗೆ ನಿದ್ದೆ ಬಂತು

ಎಪಿಪೆನ್ ಜೂನಿಯರ್ (ಜೋರು ಅಲರ್ಜಿ ಆದಾಗ ತೊಡೆಗೆ ಅಡ್ರಿನಲಿನ್ ಚುಚ್ಚೋ ಪೆನ್, ಮಕ್ಕಳ ಡೋಸ್‌ದು) ಡಬ್ಬ ಬಿಚ್ಚಿದ್ರೆ ಒಳಗೆ ಮೂರು ಪೆನ್ ಇತ್ತು, ಎರಡು ನಿಜವಾದ್ದು, ಮೂರನೇದು ಟ್ರೈನರ್ ಅಂದ್ರೆ ಚುಚ್ಚೋದನ್ನ ಕಲಿಯೋಕೆ ಕೊಡೋ ಡಮ್ಮಿ, ಅದ್ರಲ್ಲಿ ಸೂಜಿನೂ ಇಲ್ಲ ಔಷಧಿನೂ ಇಲ್ಲ. ನಮ್ಮನೇಲಿ ಆ ಟ್ರೈನರ್ ಒಂದು ವರ್ಷ ಡ್ರಾಯರ್ ಮೂಲೇಲಿ ಹಾಗೇ ಬಿದ್ದಿತ್ತು. ಈ ರಿವ್ಯೂ ಅದ್ರದ್ದೇ.

ನಾವಿರೋದು ನ್ಯೂಜೆರ್ಸಿಲಿ. ಮಗನಿಗೆ ಈಗ 4 ವರ್ಷ, 17 ಕೆಜಿ, ಕಡ್ಲೆಬೀಜ ಆಗಲ್ಲ, ಅಲರ್ಜಿ. ಗೊತ್ತಾಗಿದ್ದು ಎರಡೂವರೆ ವರ್ಷದವನಿದ್ದಾಗ, ಫ್ರೆಂಡ್ ಮನೆ ಗೃಹಪ್ರವೇಶದಲ್ಲಿ ಯಾರೋ ಪ್ರೀತಿಯಿಂದ ಅರ್ಧ ನಿಪ್ಪಟ್ಟು ಕೈಗಿಟ್ರು, ಹತ್ತು ನಿಮಿಷದಲ್ಲಿ ತುಟಿ ಊದ್ಕೊಂಡು ಮೈಯೆಲ್ಲ ದದ್ದು, ವಾಂತಿ, ಆಮೇಲೆ ಒಂಥರಾ ಕೆಮ್ಮು. ಆಸ್ಪತ್ರೆ ಎಮರ್ಜೆನ್ಸಿಲಿ ಅಡ್ರಿನಲಿನ್ ಕೊಟ್ಟ ಮೇಲೆ ಸರಿಹೋದ. ಅವತ್ತಿಂದ ಪೆನ್ ಬ್ಯಾಗಲ್ಲಿ ಇದೆ, ಆದ್ರೆ ಹೆದರಿಕೆ ಒಂದು ಚೂರೂ ಕಮ್ಮಿ ಆಗ್ಲಿಲ್ಲ, ಯಾಕಂದ್ರೆ ಪೆನ್ ಇದೆ ಅನ್ನೋದು ಬೇರೆ, ಆ ಹೊತ್ತಲ್ಲಿ ನನ್ನ ಕೈ ನಡುಗ್ದೆ ಅದನ್ನ ಚುಚ್ಚುತ್ತೆ ಅನ್ನೋದು ಬೇರೆ. ರಾತ್ರಿ ಎದ್ದು ಮಗು ಉಸಿರು ನೋಡೋದು, ಬರ್ತ್‌ಡೇ ಪಾರ್ಟಿಗೆ ಏನಾದ್ರೂ ನೆಪ ಹೇಳಿ ತಪ್ಪಿಸ್ಕೊಳ್ಳೋದು, ಇದೇ ಆಗಿತ್ತು.

ನಾನು ಆಫೀಸ್‌ಗೆ ವಾಪಸ್ ಹೋಗ್ಬೇಕಾಯ್ತು, ಮಗೂನ ನೋಡ್ಕೊಳ್ಳೋಕೆ ಅತ್ತೆ ಮೈಸೂರಿಂದ ಆರು ತಿಂಗಳಿಗೆ ಬಂದ್ರು. ಬಂದ ಮೊದಲ ವಾರಾನೇ, "ನೋಡಮ್ಮ, ಚಿತ್ರಾನ್ನಕ್ಕೆ ನಾಲ್ಕೇ ನಾಲ್ಕು ಬೀಜ ಹಾಕ್ತೀನಿ, ಅವನಿಗೆ ಬಡಿಸೋವಾಗ ಆರಿಸಿ ತೆಗೀತೀನಿ" ಅಂದ್ರು. ನಂಗೆ ಅಳೋದೋ ನಗೋದೋ. ಆರಿಸಿ ತೆಗೆದ್ರೆ ಸಾಲದು, ಅದೇ ಸೌಟು ಅದೇ ಬಾಣಲೆಗೆ ಅಂಟಿರೋದೇ ಅವನಿಗೆ ಅಲರ್ಜಿ ಆಗಕ್ಕೆ ಸಾಕು ಅಂತ ಎಷ್ಟು ಹೇಳಿದ್ರೂ ತಲೆಗೆ ಹೋಗ್ಲಿಲ್ಲ. ಅವಾಗ ಡ್ರಾಯರಿಂದ ಟ್ರೈನರ್ ತೆಗೆದು ಕೈಗೆ ಕೊಟ್ಟೆ. ಆ ಪೆನ್ ಕೈಗೆ ಬಂದ ಮೇಲೆ ಅತ್ತೆಗೆ ವಿಷಯದ ಗಂಭೀರತೆ ಅರ್ಥ ಆಯ್ತು, ನನ್ನ ಮಾತಿಂದ ಆಗಿರ್ಲಿಲ್ಲ.

ಕೆಲಸ ಹೀಗೆ. ಮುಷ್ಟಿಲಿ ಹಿಡ್ಕೋಬೇಕು, ಕಿತ್ತಳೆ ತುದಿ ಕೆಳಗೆ. ಮೇಲಿನ ನೀಲಿ ಬಿರಡೆ ನೇರವಾಗಿ ಮೇಲಕ್ಕೆ ಎಳೀಬೇಕು, ಓರೆಯಾಗಿ ತಿರುಚಬಾರ್ದು. ತೊಡೆಯ ಹೊರಬದಿಗೆ, ಮಧ್ಯಭಾಗಕ್ಕೆ, ಜೋರಾಗಿ ಒತ್ತಬೇಕು, ಕ್ಲಿಕ್ ಅನ್ನತ್ತೆ, ಹಾಗೇ 3 ಸೆಕೆಂಡ್ ಹಿಡೀಬೇಕು (ಮುಂಚೆ 10 ಅಂತಿತ್ತು, ಹಳೇ ವಿಡಿಯೋ ನೋಡಿ ಕಲಿಬೇಡಿ). ಪ್ಯಾಂಟ್ ಬಿಚ್ಚೋದು ಬೇಡ, ಬಟ್ಟೆ ಮೇಲೇ ಆಗತ್ತೆ. ಮಗು ಕಾಲು ಒದೀತಾ ಇದ್ರೆ ಇನ್ನೊಂದು ಕೈಲಿ ಗಟ್ಟಿಯಾಗಿ ಹಿಡೀಬೇಕು, ಇಲ್ಲಾಂದ್ರೆ ಸೂಜಿ ಗೀರಿಬಿಡತ್ತೆ.

ಅತ್ತೆ ಮೊದಲ ದಿನ ಮಾಡಿದ್ದೆಲ್ಲ ತಪ್ಪು. ಹೆಬ್ಬೆರಳನ್ನ ಸೀದಾ ಕಿತ್ತಳೆ ತುದಿ ಮೇಲೆ ಇಟ್ಟಿದ್ರು, ನಿಜವಾದ್ದಾಗಿದ್ರೆ ಬೆರಳಿಗೇ ಚುಚ್ತಿತ್ತು. ಎಣಿಸೋದಂತೂ ಒಂದೇಡ್ಮೂರು ಅಂತ ಅರ್ಧ ಸೆಕೆಂಡಲ್ಲಿ ಮುಗೀತು. ಆಮೇಲೆ ಅವರೇ ಒಂದು ದಾರಿ ಕಂಡ್ಕೊಂಡ್ರು, "ಶ್ರೀರಾಮ ಜಯರಾಮ ಜಯಜಯ ರಾಮ" ಅಂತ ನಿಧಾನಕ್ಕೆ ಒಂದ್ಸಲ ಹೇಳೋದು. ನಾನು ಫೋನಲ್ಲಿ ಟೈಮ್ ಇಟ್ಟು ನೋಡಿದೆ, ಮೂರೂವರೆ ಸೆಕೆಂಡ್. ಪರ್ಫೆಕ್ಟ್. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಸೋಫಾ ದಿಂಬಿಗೊಂದು ಸಲ, ಅವರ ತೊಡೆಗೊಂದು ಸಲ. ಮಗನೂ ಬಂದು ತೊಡೆ ಕೊಡ್ತಾನೆ ಈಗ, ಹೆದರಲ್ಲ.

ಇದೇ ಟ್ರೈನರ್‌ನ ದೊಡ್ಡ ಗುಣ, ಬಿರಡೆ ವಾಪಸ್ ಹಾಕಿ ತುದಿನ ಒಳಗೆ ತಳ್ಳಿದ್ರೆ ಮತ್ತೆ ರೆಡಿ, ಎಷ್ಟು ಸಲ ಬೇಕಾದ್ರೂ. ನಂದು ಇನ್ನೂರು ಸಲ ಆಗಿರ್ಬೇಕು, ಸ್ಪ್ರಿಂಗ್ ಇನ್ನೂ ಗಟ್ಟಿ ಇದೆ. ತುದಿ ಒಳಗೆ ತಳ್ಳೋದು ಮಾತ್ರ ಕಷ್ಟ, ಅತ್ತೆ ಕೀಲುನೋವಿನ ಬೆರಳಿಗೆ ಆಗಲ್ಲ, ಆ ಕೆಲಸ ನಾನೇ ಮಾಡ್ಕೊಡ್ತೀನಿ.

ಕಂಪ್ಲೇಂಟ್ ಇದೆ, ಸಣ್ಣದಲ್ಲ. ಟ್ರೈನರ್‌ಗೂ ನಿಜವಾದ್ದಕ್ಕೂ ಆಕಾರ ಒಂದೇ, ಲೇಬಲ್ ಬೇರೆ ಅಷ್ಟೆ. ಒಂದಿನ ಅತ್ತೆ ಪ್ರಾಕ್ಟೀಸ್‌ಗೆ ಅಂತ ಎತ್ಕೊಂಡಿದ್ದು ನಿಜವಾದ್ದು, ಬಿರಡೆಗೆ ಕೈ ಹಾಕೋ ಹೊತ್ತಿಗೆ ನಾನು ಕಿರುಚಿದೆ. ಉಲ್ಟಾ ಆದ್ರೆ ಇನ್ನೂ ಭಯಂಕರ, ಎಮರ್ಜೆನ್ಸಿಲಿ ಟ್ರೈನರ್ ಹಿಡ್ಕೊಂಡು ಒತ್ತಿದ್ರೆ? ಅದಕ್ಕೆ ಟ್ರೈನರ್‌ಗೆ ಸುತ್ತ ಕೆಂಪು ಟೇಪ್ ಹಾಕಿ ಟಿವಿ ಡ್ರಾಯರ್‌ಗೆ ಹಾಕ್ಬಿಟ್ಟೆ, ಎಮರ್ಜೆನ್ಸಿ ಬ್ಯಾಗ್ ಹತ್ರಾನೂ ಬಿಡಲ್ಲ. ದಯವಿಟ್ಟು ನೀವೂ ಹಾಗೇ ಮಾಡಿ.

ಟ್ರೈನರ್ ಕಲಿಸೋದು ಕೈನ ಮಾತ್ರ. ಯಾವಾಗ ಚುಚ್ಚಬೇಕು ಅನ್ನೋದಕ್ಕೆ ಅಲರ್ಜಿ ಡಾಕ್ಟ್ರು ಬರೆದುಕೊಟ್ಟ ಪ್ಲಾನ್ ಹಾಳೆ ಬೇಕು, ನಮ್ಮದು ಫ್ರಿಜ್ ಮೇಲಿದೆ, ಪಕ್ಕದಲ್ಲಿ ನಾನೇ ದೊಡ್ಡಕ್ಷರದ ಕನ್ನಡದಲ್ಲಿ ಬರೆದಿದ್ದೀನಿ: ಉಸಿರು ಕಷ್ಟ ಆದ್ರೆ ಕಾಯಬೇಡಿ, ಬೆನಡ್ರಿಲ್ (ಇಲ್ಲಿನ ಅಲರ್ಜಿ ಔಷಧಿ) ಕೊಟ್ಟು ನೋಡೋಣ ಅನ್ಬೇಡಿ, ಪೆನ್ ಚುಚ್ಚಿ, 911 (ಇಲ್ಲಿನ ಎಮರ್ಜೆನ್ಸಿ ನಂಬರ್) ಒತ್ತಿ, ಮಲಗಿಸಿ (ಉಸಿರಾಡಕ್ಕೆ ಕಷ್ಟ ಪಡ್ತಿದ್ರೆ ಕೂರಿಸಿ), ಎಬ್ಬಿಸಿ ಓಡಾಡಿಸಬೇಡಿ. ಐದು ನಿಮಿಷ ಆದ್ರೂ ಸುಧಾರಿಸದಿದ್ರೆ ಎರಡನೇ ಪೆನ್, ಒಂದು ಸಾಲ್ದೇ ಹೋಗ್ಬಹುದು ಅಂತಾನೇ ಎರಡೂ ಯಾವಾಗ್ಲೂ ಜೊತೇಲೇ ಇರ್ಬೇಕು. ಚುಚ್ಚಿ ಸರಿಹೋದ್ರೂ ಆಸ್ಪತ್ರೆಗೆ ಹೋಗ್ಲೇಬೇಕು.

ಸಂಕ್ರಾಂತಿಗೆ ಅತ್ತೆ ಎಳ್ಳುಬೆಲ್ಲ ಮಾಡಿದ್ರು, ಕಡ್ಲೆಬೀಜ ಬಿಟ್ಟು, ಬರೀ ಎಳ್ಳು ಹುರಿಗಡಲೆ ಕೊಬ್ಬರಿ ಬೆಲ್ಲ. ನಮ್ಮವನಿಗೆ ಎಳ್ಳು ಆಗತ್ತೆ, ಎಲ್ಲ ಮಕ್ಕಳಿಗೂ ಆಗಲ್ಲ, ಇಲ್ಲಿ 2023ರಿಂದ ಪ್ಯಾಕೆಟ್ ಮೇಲೆ ಅಲರ್ಜಿ ಪದಾರ್ಥ ಅಂತ ಎಳ್ಳನ್ನೂ ತೋರಿಸ್ಲೇಬೇಕು. ಪಕ್ಕದ ಮನೆಯಿಂದ ಬಂದ ಎಳ್ಳುಬೆಲ್ಲದ ಡಬ್ಬನ ಅತ್ತೆ ಅಡುಗೆಮನೆಗೂ ತರ್ದೆ ಬಾಗಿಲಲ್ಲೇ ನನ್ನ ಕಾರಿಗೆ ಸಾಗಿಸಿದ್ರು. ನಾನು ಆ ರಾತ್ರಿ ಬೆಳಗಿನವರೆಗೂ ಎದ್ದೇಳಲಿಲ್ಲ.

ಟ್ರೈನರ್‌ಗೆ ಐದಕ್ಕೆ ನಾಲ್ಕು, ಆ ಒಂದೇ ಆಕಾರದ ತೊಂದರೆಗೆ ಒಂದು ಕಟ್. ಇನ್ನೊಂದು ಮಾತು, ಅಸಲಿ ಪೆನ್ ತಗೋವಾಗ ಕೌಂಟರಲ್ಲೇ ಎಕ್ಸ್‌ಪೈರಿ ನೋಡಿ. ಒಂದು ಫಾರ್ಮಸಿಲಿ ನಂಗೆ ಐದೇ ತಿಂಗಳು ಉಳಿದಿದ್ದ ಡಬ್ಬ ಕೊಟ್ಟಿದ್ರು, ಮನೆಗೆ ಬಂದು ನೋಡಿದೆ, ವಾಪಸ್ ತಗೊಳ್ಳಲ್ಲ ಅಂದ್ರು. ಬೇಸಿಗೇಲಿ ಕಾರಲ್ಲಿ ಬಿಡ್ಬೇಡಿ, ಫ್ರಿಜ್ಜಲ್ಲೂ ಇಡ್ಬೇಡಿ, ಪೆನ್ನಿನ ಮೇಲಿರೋ ಪುಟ್ಟ ಕಿಟಕಿಲಿ ಕಾಣೋ ಔಷಧಿ ನೀರಿನ ಥರ ತಿಳಿಯಾಗಿರ್ಬೇಕು, ಕಂದು ಬಣ್ಣ ಬಂದಿದ್ರೆ ಬದಲಾಯಿಸಿ.