ಆಫ್‌ರೋಡ್ ಕ್ಲಬ್‌ನ ದಾರಿ ರಿಪೇರಿ: ಐದಕ್ಕೆ ನಾಲ್ಕು ಸ್ಟಾರ್

ಕಚ್ಚಾ ದಾರಿಗಳಲ್ಲಿ ಜೀಪ್ ಓಡಿಸುವವರ ಕ್ಲಬ್ ಇದು, ಸುಮ್ನೆ ಕಸ ಹೆಕ್ಕಿ ಫೋಟೊ ತೆಗೆಸಿಕೊಂಡು ಹೋಗುವಂಥದ್ದಲ್ಲ. ಕಾಡಿನ ಸಾರ್ವಜನಿಕ ದಾರಿ ಹಾಳಾಗುವುದು ನೀರಿನಿಂದಲೂ ಅನ್ನೋದು ಇವರಿಗೆ ಚೆನ್ನಾಗಿ ಗೊತ್ತು. ಮಳೆನೀರು ಚಕ್ರದ ಜಾಡಿನಲ್ಲೇ ಹರಿದು ಮಣ್ಣು ಕೊಚ್ಚುತ್ತದೆ, ಜಾಡು ಗುಂಡಿಯಾಗುತ್ತದೆ, ಗುಂಡಿ ತಪ್ಪಿಸೋಕೆ ಜನ ಪಕ್ಕದ ಗಿಡಗಳ ಮೇಲೆ ಗಾಡಿ ಹತ್ತಿಸುತ್ತಾರೆ, ನೋಡನೋಡುತ್ತ ಒಂದು ದಾರಿ ಮೂರಾಗುತ್ತದೆ. ಅದಕ್ಕೇ ಇವರು ಇಳಿಜಾರಿನಲ್ಲಿ ಓರೆಯಾಗಿ ಮಣ್ಣಿನ ದಿಬ್ಬ ಕಟ್ಟಿ, ಗುದ್ದಲಿ ಹಿಡಿದು ನೀರನ್ನು ಪಕ್ಕಕ್ಕೆ ತಿರುಗಿಸುತ್ತಾರೆ, ಗುಂಡಿ ಬೀಳದಿದ್ದರೆ ಯಾರೂ ದಾರಿ ಬಿಟ್ಟು ಹೋಗುವುದಿಲ್ಲ ಅಂತ. ಅಮೆರಿಕದ ಅರಣ್ಯ ಇಲಾಖೆ 1985ರಲ್ಲಿ ಶುರು ಮಾಡಿದ ‘ಟ್ರೆಡ್ ಲೈಟ್ಲಿ’ (ಹಗುರವಾಗಿ ಹೆಜ್ಜೆಯಿಡಿ) ಅಭಿಯಾನ ಹೇಳುವುದೂ ಇದನ್ನೇ ಅಲ್ವಾ, ಗುರುತಿಸಿದ ದಾರಿ ಬಿಟ್ಟು ಗಾಡಿ ಇಳಿಸಬೇಡಿ ಅಂತ.

ನನಗೆ ತುಂಬಾ ಹಿಡಿಸಿದ್ದು ಬಿದ್ದ ಮರ ಎಳೆಯುವ ರೀತಿ. ವಿಂಚ್ (ಗಾಡಿಗೆ ಕಟ್ಟಿದ, ಕೇಬಲ್ ಸುತ್ತಿ ಎಳೆಯುವ ಯಂತ್ರ) ಕೇಬಲ್ಲನ್ನು ಆಧಾರಕ್ಕೆ ಅಂತ ನಿಂತ ಮರಕ್ಕೆ ನೇರವಾಗಿ ಸುತ್ತುವುದಿಲ್ಲ, ಅಗಲದ ಪಟ್ಟಿ ಹಾಕುತ್ತಾರೆ, ಇಲ್ಲದಿದ್ದರೆ ತೊಗಟೆ ಕಿತ್ತು ಬರುತ್ತದೆ. ಕೇಬಲ್ ಹರಿದರೆ ಚಾಟಿಯ ಹಾಗೆ ಬೀಸದಿರಲಿ ಅಂತ ಮೇಲೊಂದು ದಪ್ಪ ಕಂಬಳಿ. ಎಳೆಯುವಾಗ ಹತ್ತಿರ ಯಾರನ್ನೂ ಬಿಡುವುದಿಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಹೊಸಬರ ಸಲುವಾಗಿ. ಜನ ಜಾಸ್ತಿ, ಗುದ್ದಲಿ ಕಡಿಮೆ, ಯಾರು ಏನು ಮಾಡಬೇಕು ಅಂತ ಹೇಳುವವರಿಲ್ಲದೆ ಅರ್ಧ ಜನ ನಿಂತೇ ಇರುತ್ತಾರೆ. ಗಟ್ಟಿ ಬೂಟು, ಕೈಗವಸು ನೀವೇ ತಗೊಂಡು ಹೋಗಿ. ಸ್ವಂತ ಜೀಪ್ ಇಲ್ಲದಿದ್ದರೂ ಸೇರಿಸಿಕೊಳ್ಳುತ್ತಾರೆ.