ನಾಲ್ಕು ಭಾನುವಾರದ ತರಗತಿ: ಹೋಗಿ ಬಂದವಳ ಮಾತು

ನಾನು ಕಲಬುರಗಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವವಳು. ನನಗೆ ಲೆಕ್ಕ ಬರಲ್ಲ ಅಂತ ಏಳನೇ ಕ್ಲಾಸಿನಿಂದಲೂ ನಂಬಿದ್ದೆ. ಇಂಥ ನಂಬಿಕೆಗಳನ್ನೇ ಪರೀಕ್ಷೆ ಮಾಡಿಸುವ ತರಗತಿ ಇದೆ ಅಂತ ಪಕ್ಕದ ಮನೆಯವರು ಕರೆದುಕೊಂಡು ಹೋದರು.

ಮೊದಲ ದಿನವೇ ಮೇಡಂ ಹಾಳೆಯ ಮೇಲೆ ಮೂರು ಗೆರೆ ಎಳೆಸಿ ನಾಲ್ಕು ಕಾಲಂ ಮಾಡಿಸಿದರು. ಏನಾಯ್ತು, ಆಗ ಮನಸ್ಸಿಗೆ ಏನು ಬಂತು, ಅದು ನಿಜ ಅನ್ನೋಕೆ ಏನು ಸಾಕ್ಷಿ, ಸುಳ್ಳು ಅನ್ನೋಕೆ ಏನು ಸಾಕ್ಷಿ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಬೆಳೆಸಿದ ಚಿಕಿತ್ಸೆಯಿಂದ ಬಂದ ಪದ್ಧತಿ ಇದು. ಕೊನೆಯ ಕಾಲಂನಲ್ಲಿ ನಾನು ಬರೆದೆ: 200 ರೊಟ್ಟಿಗೆ ಎಷ್ಟು ಹಿಟ್ಟು ಬೇಕು ಅಂತ ಬಾಯಲ್ಲೇ ಹೇಳ್ತೀನಿ. ಖಾನಾವಳಿಯವರ ಉದ್ರಿ ತಿಂಗಳಿಡೀ ತಲೆಯಲ್ಲೇ ಇರುತ್ತೆ. ಬರೆಯುತ್ತಾ ಕೈ ನಿಂತುಬಿಟ್ಟಿತು.

"ಇಷ್ಟ್ ವರ್ಷ ಈ ಲೆಕ್ಕ ಮಾಡಿದ್ದು ಯಾರ್ರೀ ಅಕ್ಕಾ?" ಅಂದರು ಮೇಡಂ. ಕಣ್ಣು ತುಂಬಿ ಬಂತು.

ಧ್ಯಾನದ ಪಾಠ ಮಾತ್ರ ಹಿಡಿಸಲಿಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲು, ಒಂದೇ ಫ್ಯಾನು, ಹೊರಗೆ ಆಟೋ ಗದ್ದಲ ಜಾಸ್ತಿ. ಬೆಳಗ್ಗೆ ಏಳಕ್ಕೇ ಶುರು ಮಾಡಬಹುದಿತ್ತು, ಅಲ್ವಾ?

ಬಹಳ ದಿನದಿಂದ ದುಃಖ, ನಿದ್ದೆಗೇಡು ಇರುವವರು ಡಾಕ್ಟರನ್ನೇ ನೋಡಬೇಕು. ಮೇಡಂ ಕೂಡ ಅದನ್ನು ಬಿಡಿಸಿ ಹೇಳಿದರು. ನಾನು ಈಗ ಬ್ಯಾಂಕ್ ಸಾಲದ ಫಾರಂ ನಾನೇ ತುಂಬುತ್ತಿದ್ದೇನೆ.