ಮೊದಲ ಹೈಡ್ರೋಜನ್ ಬಂಕ್: ಬೆಳಗಾವಿಯೋ, ವಿಜಯಪುರವೋ?

ಹೈಡ್ರೋಜನ್ ಬಂಕ್‌ಗಳ, ಅಂದರೆ ವಾಹನಗಳಿಗೆ ಹೈಡ್ರೋಜನ್ ಅನಿಲವನ್ನು ಇಂಧನವಾಗಿ ತುಂಬುವ ಬಂಕ್‌ಗಳ, ಜಾಲ ಹೆಣೆಯುವವರು ಮೊದಲು ಲಾರಿಗಳ ದಾರಿ ನೋಡಬೇಕು. ಬೆಳಗಾವಿ ಇರುವುದು ಪುಣೆ–ಬೆಂಗಳೂರು ಹೆದ್ದಾರಿ 48ರ ಮೇಲೆ. ಸರಕು ಲಾರಿಗಳ ಓಡಾಟಕ್ಕೆ ಹಗಲು ರಾತ್ರಿ ಎಂಬ ಭೇದವಿಲ್ಲ. ಸೊಲ್ಲಾಪುರ–ಹುಬ್ಬಳ್ಳಿ ನಡುವಿನ ಹೆದ್ದಾರಿ 52ರಲ್ಲಿರುವ ವಿಜಯಪುರದ ಬಲವೇ ಬೇರೆ: ಬಿಸಿಲು ಮತ್ತು ಗಾಳಿಯಿಂದ ಸಿಗುವ ಅಗ್ಗದ ವಿದ್ಯುತ್.

ಈ ಬಲ ಸಣ್ಣದಲ್ಲ. ನೀರನ್ನು ಒಡೆದು 1 ಕಿಲೊ ಹೈಡ್ರೋಜನ್ ಪಡೆಯಲು ಸುಮಾರು 50–55 ಯೂನಿಟ್ ವಿದ್ಯುತ್ ಬೇಕು. ಕನಿಷ್ಠ 9 ಲೀಟರ್ ಶುದ್ಧ ನೀರೂ ಬೇಕು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಜಿಲ್ಲೆಯಲ್ಲಿ ಈ ಲೆಕ್ಕವನ್ನು ಊರಿನವರ ಮುಂದಿಡಲೇಬೇಕು.

ಬೆಳಗಾವಿಗೆ ಅನಿಲವನ್ನು ಹೊರಗಿನಿಂದ ತರಬಹುದು. ಆದರೆ ಹತ್ತಾರು ಟನ್ ತೂಗುವ ಉಕ್ಕಿನ ಕೊಳವೆಗಳ ಟ್ರೇಲರ್ ಹೊತ್ತು ತರುವುದು ಕೆಲವು ನೂರು ಕಿಲೊ ಹೈಡ್ರೋಜನ್ ಮಾತ್ರ. ಒಂದು ದೊಡ್ಡ ಲಾರಿಯ ಟ್ಯಾಂಕಿಗೇ 30 ಕಿಲೊ ಹಿಡಿಯುವಾಗ ಅದು ಎಷ್ಟು ಹೊತ್ತಿಗೆ ಸಾಕು?

ಆದರೂ ನನ್ನ ಮತ ಬೆಳಗಾವಿಗೇ. ಗಿರಾಕಿಯಿಲ್ಲದೆ ಹೈಡ್ರೋಜನ್ ತಯಾರಿಸುವ ಯಂತ್ರ ಸುಮ್ಮನೆ ನಿಂತರೆ ಅಗ್ಗದ ವಿದ್ಯುತ್ ಇದ್ದೂ ಫಲವಿಲ್ಲ. ಬಸ್, ಲಾರಿಗಳಿಗೆ ಸಾಕಾಗುವ 350 ಬಾರ್ (ಅನಿಲದ ಒತ್ತಡದ ಅಳತೆ) ಒತ್ತಡದಿಂದ ಆರಂಭಿಸಿ. ಕಾರುಗಳ 700 ಬಾರ್‌ಗೆ ಅನಿಲವನ್ನು ಮೈನಸ್ 40 ಡಿಗ್ರಿಯವರೆಗೆ ತಂಪಾಗಿಸಬೇಕಾಗುತ್ತದೆ. ಆ ಖರ್ಚು ಈಗ ಬೇಡ. ಅನಿಲವನ್ನು ಒತ್ತುವ ಯಂತ್ರವಾದ ಕಂಪ್ರೆಸರ್ ಮಾತ್ರ ಎರಡಿರಲಿ: ಇರುವ ಒಂದೇ ಬಂಕ್ ಕೆಟ್ಟರೆ ಚಾಲಕನಿಗೆ ಹತ್ತಿರದಲ್ಲಿ ಬೇರೆ ದಾರಿಯಿರುವುದಿಲ್ಲ.